ಮುಂದಿನ ಸರ್ಟಿಫಿಕೇಶನ್ ಯಾವುದು? ಆರು ಐಟಿ ಪರೀಕ್ಷೆಗಳ ವಿಮರ್ಶೆ, ಓದುವ ಕ್ರಮ ಸಮೇತ

ಒಂದು ಸರ್ಟಿಫಿಕೇಶನ್ ಕೈಗೆ ಬಂದ ಮೇಲೆ ಮುಂದಿನದು ಯಾವುದು ಎಂಬ ಪ್ರಶ್ನೆಗೆ ಬಹುತೇಕರು ಕಂಪನಿಯ ಹೆಸರಿನಲ್ಲಿ ಉತ್ತರ ಹುಡುಕುತ್ತಾರೆ: ಸಿಸ್ಕೊವೋ, ಅಮೆಜಾನೋ, ಮೈಕ್ರೋಸಾಫ್ಟೋ. ಅದಕ್ಕಿಂತ ಮೊದಲು ನೋಡಬೇಕಾದ್ದು ಪರೀಕ್ಷೆ ನಡೆಯುವ ರೀತಿಯನ್ನು. ಕೆಲವು ಪರೀಕ್ಷೆಗಳು ನಾಲ್ಕು ಉತ್ತರ ಮುಂದಿಟ್ಟು ಒಂದನ್ನು ಆರಿಸಿ ಎನ್ನುತ್ತವೆ. ಕೆಲವು ಕೆಟ್ಟುನಿಂತ ಸರ್ವರ್ ಒಂದನ್ನು ಕೈಗೆ ಕೊಟ್ಟು ಸರಿಮಾಡಿ ಎನ್ನುತ್ತವೆ. ಎರಡನೆಯ ಬಗೆಯ ಪರೀಕ್ಷೆಗೆ ಮಾಡಿದ ತಯಾರಿ ಹಾಗೆಯೇ ದಿನದ ಕೆಲಸಕ್ಕೆ ಬರುತ್ತದೆ. ಮೊದಲನೆಯದಕ್ಕೆ ಮಾಡಿದ ತಯಾರಿ ಉಳಿಯಬೇಕಾದರೆ ಓದುವವರೇ ಹಟ ಹಿಡಿದು ಲ್ಯಾಬ್ (ಅಭ್ಯಾಸದ ಯಂತ್ರಗಳ ವ್ಯವಸ್ಥೆ) ಕಟ್ಟಿಕೊಳ್ಳಬೇಕು. ಈ ವಿಮರ್ಶೆ ಇದೇ ಅಳತೆಗೋಲನ್ನು ಹಿಡಿದು ಆರ್‌ಎಚ್‌ಸಿಎಸ್‌ಎ (ರೆಡ್ ಹ್ಯಾಟ್‌ನ ಲಿನಕ್ಸ್ ನಿರ್ವಹಣೆ), ಸಿಕೆಎ (ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸುವ ಕ್ಯೂಬರ್ನೆಟೀಸ್‌ನ ನಿರ್ವಹಣೆ), ಸಿಸಿಎನ್‌ಎ (ಸಿಸ್ಕೊದ ನೆಟ್‌ವರ್ಕಿಂಗ್), ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್) ಸೊಲ್ಯೂಶನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್, ಅಝೂರ್ (ಮೈಕ್ರೋಸಾಫ್ಟ್‌ನ ಕ್ಲೌಡ್) ಅಡ್ಮಿನಿಸ್ಟ್ರೇಟರ್ ಮತ್ತು ಸೆಕ್ಯುರಿಟಿ ಪ್ಲಸ್ (ಕಾಂಪ್‌ಟಿಯಾದ ಭದ್ರತಾ ಪರೀಕ್ಷೆ) ಪರೀಕ್ಷೆಗಳನ್ನು ನೋಡುತ್ತದೆ.

ಮೊದಲಿಗೇ ತೀರ್ಪು ಹೇಳಿಬಿಡುವುದಾದರೆ: ಸರ್ವರ್ ಕೆಲಸದ ಕಡೆಗೆ ಹೋಗುವವರು ಆರ್‌ಎಚ್‌ಸಿಎಸ್‌ಎ ಮುಗಿಸಿ ಸಿಕೆಎಗೆ ಹೋಗಿ. ನೆಟ್‌ವರ್ಕ್ ಎಂದರೆ ಇನ್ನೂ ಮಂಜುಮಂಜಾಗಿ ಕಾಣುವವರು ಯಾವ ದಾರಿ ಹಿಡಿದರೂ ಮೊದಲು ಸಿಸಿಎನ್‌ಎ ತಯಾರಿ ಮಾಡಿ. ಕ್ಲೌಡ್ ಪರೀಕ್ಷೆಗಳು ಒಳ್ಳೆಯವೇ, ಆದರೆ ಲಿನಕ್ಸ್ ಮತ್ತು ನೆಟ್‌ವರ್ಕ್ ಗೊತ್ತಿದ್ದವರಿಗೆ ಅರ್ಧ ಹೊತ್ತಿನಲ್ಲಿ ಆಗುತ್ತವೆ. ಗೊತ್ತಿಲ್ಲದವರಿಗೆ ಬರೀ ಸೇವೆಗಳ ಹೆಸರು ಬಾಯಿಪಾಠವಾಗುತ್ತದೆ.

ಆಯ್ಕೆಗೆ ಒಂದು ಸರಳ ಪರೀಕ್ಷೆ ಇದೆ. ಮನಸ್ಸಿನಲ್ಲಿರುವ ಸರ್ಟಿಫಿಕೇಶನ್‌ನ ಅಧಿಕೃತ ವಿಷಯಪಟ್ಟಿ ಉಚಿತವಾಗಿ ಸಿಗುತ್ತದೆ, ಅದನ್ನು ಇಳಿಸಿಕೊಳ್ಳಿ. ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಕೈಯಾರೆ ಮಾಡಿದ್ದೇನೆ, ಓದಿ ಗೊತ್ತು, ಕೇಳಿಯೇ ಇಲ್ಲ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಸಾಲುಗಳು ‘ಕೈಯಾರೆ ಮಾಡಿದ್ದೇನೆ’ ಆದರೆ ಆ ಪರೀಕ್ಷೆ ನಿಮ್ಮ ಮಟ್ಟಕ್ಕಿಂತ ಕೆಳಗಿದೆ, ಹಣ ಉಳಿಸಿ ಮೇಲಿನದಕ್ಕೆ ಹೋಗಿ. ಅರ್ಧಕ್ಕಿಂತ ಹೆಚ್ಚು ‘ಕೇಳಿಯೇ ಇಲ್ಲ’ ಆದರೆ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ. ನಿಜವಾಗಿ ಹೆಚ್ಚು ಕಲಿಸುವುದು ‘ಓದಿ ಗೊತ್ತು’ ಎಂಬ ಗುರುತು ಜಾಸ್ತಿ ಬಿದ್ದ ಪರೀಕ್ಷೆ, ಏಕೆಂದರೆ ಗೊತ್ತು ಅಂದುಕೊಂಡದ್ದು ಲ್ಯಾಬ್‌ನಲ್ಲಿ ಕೈಕೊಡುವುದು ಅಲ್ಲೇ.

ಆರ್‌ಎಚ್‌ಸಿಎಸ್‌ಎ

ರೆಡ್ ಹ್ಯಾಟ್‌ನ ಇಎಕ್ಸ್200 ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆ ಒಂದೂ ಇಲ್ಲ. ವರ್ಚುವಲ್ ಯಂತ್ರಗಳಲ್ಲಿ ಕೊಟ್ಟ ಕೆಲಸಗಳನ್ನು ಮಾಡಬೇಕು. 300 ಅಂಕಕ್ಕೆ 210 ಬಂದರೆ ಪಾಸು. ಇಂಟರ್ನೆಟ್ ಇಲ್ಲ, ಟಿಪ್ಪಣಿ ಇಲ್ಲ; ವ್ಯವಸ್ಥೆಯಲ್ಲೇ ಇರುವ ಮ್ಯಾನ್ ಪುಟಗಳು (ಆಜ್ಞೆಗಳ ಕೈಪಿಡಿ) ಮಾತ್ರ ನಿಮ್ಮ ನೆರವಿಗೆ. ಈ ಕಟ್ಟುನಿಟ್ಟೇ ಇದರ ಬೆಲೆ. ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಇಲ್ಲಿ ಎಡವುವವರು ವಿಷಯ ಗೊತ್ತಿಲ್ಲದೆ ಎಡವುವುದಕ್ಕಿಂತ ಹೆಚ್ಚಾಗಿ ರೀಬೂಟ್‌ನಲ್ಲಿ ಎಡವುತ್ತಾರೆ. ಮಾಡಿದ ಎಲ್ಲ ಬದಲಾವಣೆಯೂ ಯಂತ್ರ ಮತ್ತೆ ಶುರುವಾದ ಮೇಲೆ ತಾನಾಗಿಯೇ ಉಳಿದಿರಬೇಕು ಎಂಬುದು ಪರೀಕ್ಷೆಯ ಷರತ್ತು. ಸರ್ವಿಸ್ ಅನ್ನು ಬರೀ ‘ಸ್ಟಾರ್ಟ್’ ಮಾಡಿದರೆ ಈಗ ಓಡುತ್ತದೆ, ರೀಬೂಟ್ ಆದಮೇಲೆ ಓಡುವುದಿಲ್ಲ. ‘ಎನೇಬಲ್ --ನೌ’ ಎಂದು ಒಂದೇ ಸಲಕ್ಕೆ ಹೇಳುವ ರೂಢಿ ಮಾಡಿಕೊಳ್ಳಿ. ಫೈರ್‌ವಾಲ್ ನಿಯಮಕ್ಕೆ ‘--ಪರ್ಮನೆಂಟ್’ ಸೇರಿಸದಿದ್ದರೆ ಅದೂ ಹಾರಿಹೋಗುತ್ತದೆ. ಸೇರಿಸಿ ರೀಲೋಡ್ ಮಾಡದಿದ್ದರೆ ಈಗಿನ ಸ್ಥಿತಿಗೆ ಅದು ಬರುವುದೇ ಇಲ್ಲ. ಎಸ್‌ಇಲಿನಕ್ಸ್ (ಲಿನಕ್ಸ್‌ನ ಪ್ರವೇಶ ನಿಯಂತ್ರಣ ವ್ಯವಸ್ಥೆ) ಬೂಲಿಯನ್‌ಗೆ, ಅಂದರೆ ಅದರ ಆನ್-ಆಫ್ ಆಯ್ಕೆಗೆ, ದೊಡ್ಡಕ್ಷರದ ‘-ಪಿ’ ಬೇಕು. ಕಡತದ ಲೇಬಲ್ ಅನ್ನು ‘ಸಿಎಚ್‌ಕಾನ್’ನಿಂದ ಬದಲಿಸಿದರೆ ಮುಂದಿನ ರೀಲೇಬಲ್‌ನಲ್ಲಿ ಅಳಿಸಿಹೋಗುತ್ತದೆ, ‘ಎಸ್‌ಇಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ನಲ್ಲಿ ನಿಯಮ ಬರೆದು ‘ರಿಸ್ಟೋರ್‌ಕಾನ್’ ಓಡಿಸುವುದೇ ಸರಿಯಾದ ದಾರಿ. ವೆಬ್ ಸರ್ವರ್ ಅನ್ನು 82ರಂಥ ಪೋರ್ಟ್‌ನಲ್ಲಿ ನಿಲ್ಲಿಸಲು ಹೊರಟು, ಫೈರ್‌ವಾಲ್ ತೆರೆದೂ ಸರ್ವಿಸ್ ಏಳದಿದ್ದರೆ ಆ ಪೋರ್ಟ್‌ಗೆ ಎಸ್‌ಇಲಿನಕ್ಸ್‌ನ ಅನುಮತಿ ಇಲ್ಲ ಎಂದೇ ಮೊದಲು ಅನುಮಾನಿಸಿ.

ಎಲ್ಲಕ್ಕಿಂತ ದುಬಾರಿ ತಪ್ಪು, ಬೂಟ್ ವೇಳೆ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆಗುತ್ತದೆ. ಅಲ್ಲೊಂದು ಅಕ್ಷರ ತಪ್ಪಿದರೆ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ, ಆ ಯಂತ್ರದಲ್ಲಿ ಮಾಡಿದ ಉಳಿದ ಕೆಲಸಗಳಿಗೂ ಅಂಕ ಸಿಗದೆ ಹೋಗಬಹುದು. ಸಾಲು ಬರೆದ ಕೂಡಲೇ ‘ಫೈಂಡ್‌ಮೌಂಟ್ --ವೆರಿಫೈ’ ಓಡಿಸಿ, ಆಮೇಲೆ ‘ಮೌಂಟ್ -ಎ’, ಸ್ವಾಪ್ ಇದ್ದರೆ ‘ಸ್ವಾಪ್‌ಆನ್ -ಎ’. ಮೂರೂ ತಕರಾರಿಲ್ಲದೆ ಮುಗಿದರೆ ಮಾತ್ರ ಮುಂದಕ್ಕೆ. ಲಾಜಿಕಲ್ ವಾಲ್ಯೂಮ್ ದೊಡ್ಡದು ಮಾಡುವಾಗ ‘ಎಲ್‌ವಿಎಕ್ಸ್‌ಟೆಂಡ್’ಗೆ ‘-ಆರ್’ ಸೇರಿಸಿದರೆ ಕಡತವ್ಯವಸ್ಥೆಯೂ ಜೊತೆಗೇ ಬೆಳೆಯುತ್ತದೆ. ಮರೆತರೆ ವಾಲ್ಯೂಮ್ ದೊಡ್ಡದಾಗಿ ಕಂಡರೂ ಒಳಗಿನ ಜಾಗ ಹಾಗೇ ಇರುತ್ತದೆ. ರೂಟ್ ಪಾಸ್‌ವರ್ಡ್ ಮರಳಿ ಪಡೆಯುವ ಕ್ರಮವನ್ನು ಕಣ್ಣುಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಿ. ಪಾಸ್‌ವರ್ಡ್ ಬದಲಿಸಿ ‘ಆಟೋರೀಲೇಬಲ್’ ಕಡತ ಇಡುವುದನ್ನು ಮರೆತರೆ ಪಾಸ್‌ವರ್ಡ್ ಇರುವ ಶ್ಯಾಡೋ ಕಡತದ ಲೇಬಲ್ ತಪ್ಪಾಗಿ ಉಳಿದು, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗುವುದಿಲ್ಲ.

ಲ್ಯಾಬ್‌ಗೆ ತಲಾ 2 ಜಿಬಿ ಮೆಮೊರಿಯ ಎರಡು ವರ್ಚುವಲ್ ಯಂತ್ರ, ಪ್ರತಿಯೊಂದಕ್ಕೂ 20 ಜಿಬಿಯ ಮೂಲ ಡಿಸ್ಕ್ ಮತ್ತು ಹಾಳುಮಾಡಿ ಕಲಿಯಲು 5 ಜಿಬಿಯ ಇನ್ನೆರಡು ಡಿಸ್ಕ್ ಸಾಕು. ರೆಡ್ ಹ್ಯಾಟ್‌ನ ಡೆವಲಪರ್ ಚಂದಾ ವ್ಯಕ್ತಿಗಳಿಗೆ ಉಚಿತ, 16 ಯಂತ್ರಗಳವರೆಗೆ ಬಳಸಬಹುದು. ರೆಡ್ ಹ್ಯಾಟ್‌ಗೆ ಹೊಂದುವ ಉಚಿತ ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್ ಕೂಡ ಆಗುತ್ತದೆ, ಆದರೆ ಪರೀಕ್ಷೆ ಯಾವ ಮುಖ್ಯ ಆವೃತ್ತಿಯ ಮೇಲೆ ನಡೆಯುತ್ತದೋ ಅದೇ ಆವೃತ್ತಿ ಇರಲಿ. ಹೊಸ ಯಂತ್ರದ ಸ್ನ್ಯಾಪ್‌ಶಾಟ್ ಇಟ್ಟುಕೊಂಡು, ಒಂದು ಗಂಟೆಯ ಕೆಲಸ ಮಾಡಿ, ರೀಬೂಟ್ ಮಾಡಿ, ಎಲ್ಲವನ್ನೂ ಪರಿಶೀಲಿಸಿ, ಮತ್ತೆ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿ. ಉತ್ತರವನ್ನು ಹುಡುಕುಯಂತ್ರದಲ್ಲಿ ನೋಡುವ ಚಪಲವನ್ನು ಕೊನೆಯ ಮೂರು ವಾರವಾದರೂ ಬಿಡಬೇಕು. ‘ಮ್ಯಾನ್ -ಕೆ’ ಹಾಕಿ ಬೇಕಾದ ಪುಟ ಹುಡುಕುವುದೂ ಈ ಪರೀಕ್ಷೆಯಲ್ಲಿ ಒಂದು ವಿದ್ಯೆಯೇ.

ಕೊರತೆ ಹೇಳಬೇಕೆಂದರೆ, ಮನೆಯಿಂದ ಬರೆಯುವ ವ್ಯವಸ್ಥೆ ಸಲೀಸಲ್ಲ. ಯುಎಸ್‌ಬಿಯಿಂದ ಅವರದೇ ಲೈವ್ ವ್ಯವಸ್ಥೆಯನ್ನು ಬೂಟ್ ಮಾಡಬೇಕು, ಲ್ಯಾಪ್‌ಟಾಪ್‌ನ ಕ್ಯಾಮೆರಾ ಸಾಲದೆ ಹೊರಗಿನ ವೆಬ್‌ಕ್ಯಾಮ್ ಬೇಕಾಗುತ್ತದೆ. ಹೊಂದಾಣಿಕೆ ಪರೀಕ್ಷೆಯನ್ನು ಪರೀಕ್ಷೆಯ ದಿನ ಬಳಸುವ ಯಂತ್ರದಲ್ಲೇ, ವಾರ ಮೊದಲೇ ಮಾಡಿ ನೋಡಿ.

ಸಿಕೆಎ

ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಮತ್ತು ಲಿನಕ್ಸ್ ಫೌಂಡೇಶನ್ ಸೇರಿ ನಡೆಸುವ ಸಿಕೆಎ, ಈ ಆರರಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ವಾಪಸ್ ಕೊಡುವ ಪರೀಕ್ಷೆ. ಎರಡು ಗಂಟೆಯಲ್ಲಿ 15ರಿಂದ 20 ಪ್ರಾಯೋಗಿಕ ಕೆಲಸ, ಪಾಸಾಗಲು ಶೇ 66. ಶುಲ್ಕದಲ್ಲೇ ಒಂದು ಉಚಿತ ಮರುಪರೀಕ್ಷೆ, ಜೊತೆಗೆ ಕಿಲ್ಲರ್ ಡಾಟ್ ಎಸ್‌ಎಚ್ ಸಿಮ್ಯುಲೇಟರ್‌ನ ಎರಡು ಅವಧಿ ಸೇರಿರುತ್ತವೆ. ಕೊಂಡ ಮೇಲೆ ಬರೆಯಲು 12 ತಿಂಗಳ ಕಾಲಾವಕಾಶ. ಒಂದೇ ಬೇಸರದ ಸಂಗತಿ: 2024ರ ಏಪ್ರಿಲ್ 1ರಿಂದ ಇದರ ಮಾನ್ಯತೆ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

2025ರ ಫೆಬ್ರುವರಿಯಲ್ಲಿ ಪಠ್ಯಕ್ರಮ ಬದಲಾಯಿತು. ಹೆಲ್ಮ್, ಕಸ್ಟಮೈಸ್, ಗೇಟ್‌ವೇ ಎಪಿಐ, ಕಸ್ಟಮ್ ರಿಸೋರ್ಸ್ ಮತ್ತು ಆಪರೇಟರ್‌ಗಳು ಒಳಬಂದವು. ಅದಕ್ಕೂ ಹಿಂದಿನ ವಿಡಿಯೋ ಕೋರ್ಸ್ ಹಿಡಿದು ಓದಿದರೆ ಈ ಭಾಗಗಳು ಪೂರಾ ತಪ್ಪಿಹೋಗುತ್ತವೆ. ಅಂಕಗಳ ಹಂಚಿಕೆಯಲ್ಲಿ ದೋಷ ಪತ್ತೆಗೆ ಶೇ 30, ಕ್ಲಸ್ಟರ್ (ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪು) ರಚನೆ ಮತ್ತು ಸ್ಥಾಪನೆಗೆ 25, ಸರ್ವಿಸ್ ಮತ್ತು ನೆಟ್‌ವರ್ಕಿಂಗ್‌ಗೆ 20, ವರ್ಕ್‌ಲೋಡ್ ಮತ್ತು ಶೆಡ್ಯೂಲಿಂಗ್‌ಗೆ 15, ಸ್ಟೋರೇಜ್‌ಗೆ 10. ಓದುವ ಹೊತ್ತನ್ನೂ ಇದೇ ಅಳತೆಯಲ್ಲಿ ಹಂಚಿ. ಹೆಚ್ಚಿನವರು ಪಾಡ್ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು) ಮತ್ತು ಡಿಪ್ಲಾಯ್‌ಮೆಂಟ್ ಬರೆಯುವುದರಲ್ಲೇ ತಿಂಗಳು ಕಳೆದು, ಶೇ 30ರ ಭಾಗಕ್ಕೆ ಕೊನೆಯ ವಾರ ಕೊಡುತ್ತಾರೆ.

ದೋಷ ಪತ್ತೆಯನ್ನು ಕಲಿಯಲು ಕ್ಲಸ್ಟರ್ ಕೆಡಿಸಬೇಕು, ಬೇರೆ ದಾರಿ ಇಲ್ಲ. ಕೆಳಗಿನ ಕ್ರಮದಲ್ಲಿ ಒಂದೊಂದನ್ನೇ ಕೆಡಿಸಿ, ಚಿಹ್ನೆ ನೋಡಿ, ಸರಿಮಾಡಿ. ವರ್ಕರ್ ನೋಡ್‌ನಲ್ಲಿ (ಪಾಡ್‌ಗಳು ಓಡುವ ಯಂತ್ರ) ಕ್ಯೂಬ್‌ಲೆಟ್ (ಆ ಯಂತ್ರದ ಪಾಡ್‌ಗಳನ್ನು ನೋಡಿಕೊಳ್ಳುವ ಸೇವೆ) ನಿಲ್ಲಿಸಿ: ನೋಡ್ ‘ನಾಟ್ ರೆಡಿ’ ಆಗುತ್ತದೆ, ಕಾರಣ ‘ಜರ್ನಲ್‌ಸಿಟಿಎಲ್ -ಯು ಕ್ಯೂಬ್‌ಲೆಟ್’ನಲ್ಲಿ ಸಿಗುತ್ತದೆ. ಎಪಿಐ ಸರ್ವರ್‌ನ ಸ್ಟ್ಯಾಟಿಕ್ ಪಾಡ್ ಕಡತದಲ್ಲಿ ಒಂದು ಆಯ್ಕೆಯ ಹೆಸರು ತಪ್ಪು ಬರೆಯಿರಿ: ಕ್ಲಸ್ಟರ್‌ಗೆ ಆಜ್ಞೆ ಕೊಡುವ ಕ್ಯೂಬ್‌ಸಿಟಿಎಲ್ ಪೂರ್ತಿ ಸತ್ತುಹೋಗುತ್ತದೆ, ಆಗ ‘ಕ್ರಿಸಿಟಿಎಲ್ ಪಿಎಸ್ -ಎ’ ಮತ್ತು ಪಾಡ್ ಲಾಗ್‌ಗಳ ಫೋಲ್ಡರ್ ಮಾತ್ರ ಮಾತಾಡುತ್ತವೆ. ಈ ಕಡತದ ಬ್ಯಾಕಪ್ ತೆಗೆಯುವಾಗ ಎಚ್ಚರ. ಅದೇ ಮ್ಯಾನಿಫೆಸ್ಟ್ ಫೋಲ್ಡರ್‌ನಲ್ಲಿ ನಕಲು ಇಟ್ಟರೆ ಕ್ಯೂಬ್‌ಲೆಟ್ ಅದನ್ನೂ ಓದುತ್ತದೆ, ಗೊಂದಲ ಹೆಚ್ಚುತ್ತದೆ. ನಕಲು ಬೇರೆ ಫೋಲ್ಡರ್‌ನಲ್ಲಿರಲಿ.

ಸರ್ವಿಸ್ ಇದೆ, ಆದರೆ ಉತ್ತರ ಬರುತ್ತಿಲ್ಲ ಎಂದಾದರೆ ಎಂಡ್‌ಪಾಯಿಂಟ್ ಪಟ್ಟಿ ಮೊದಲು ನೋಡಿ. ಖಾಲಿ ಇದ್ದರೆ ಸೆಲೆಕ್ಟರ್ ಮತ್ತು ಪಾಡ್‌ನ ಲೇಬಲ್ ಹೊಂದುತ್ತಿಲ್ಲ ಅಥವಾ ಪಾಡ್ ರೆಡಿ ಆಗಿಲ್ಲ. ತುಂಬಿದ್ದರೆ ಟಾರ್ಗೆಟ್ ಪೋರ್ಟ್ ಪರಿಶೀಲಿಸಿ. ಪಾಡ್ ‘ಪೆಂಡಿಂಗ್’ನಲ್ಲಿದ್ದರೆ ‘ಡಿಸ್ಕ್ರೈಬ್’ನ ಕೊನೆಯ ಸಾಲುಗಳೇ ಹೇಳುತ್ತವೆ: ಟೇಂಟ್, ನೋಡ್ ಸೆಲೆಕ್ಟರ್, ಸಾಲದ ಸಿಪಿಯು. ಪದೇ ಪದೇ ಬೀಳುವ ಕಂಟೇನರ್‌ಗೆ ‘ಲಾಗ್ಸ್ --ಪ್ರೀವಿಯಸ್’. ನೆಟ್‌ವರ್ಕ್ ಪಾಲಿಸಿಯಲ್ಲಿ ಹೊರಹೋಗುವ ಸಂಚಾರವನ್ನು ಬಿಗಿ ಮಾಡಿದಾಗ ಪೋರ್ಟ್ 53 ತೆರೆಯುವುದನ್ನು ಮರೆತರೆ ಹೆಸರು ಹುಡುಕಾಟವೇ ನಿಂತು ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಇನ್ನೊಂದು ಮಾತು: ಪಾಡ್‌ಗಳ ನೆಟ್‌ವರ್ಕ್‌ಗೆ ಫ್ಲ್ಯಾನಲ್ ಹಾಕಿದ ಲ್ಯಾಬ್‌ನಲ್ಲಿ ನೆಟ್‌ವರ್ಕ್ ಪಾಲಿಸಿ ಅಭ್ಯಾಸ ಮಾಡಬೇಡಿ. ಕಡತವನ್ನು ಕ್ಲಸ್ಟರ್ ಸ್ವೀಕರಿಸುತ್ತದೆ, ಆದರೆ ಫ್ಲ್ಯಾನಲ್ ಪಾಲಿಸಿಯನ್ನು ಜಾರಿ ಮಾಡುವುದಿಲ್ಲ, ತಪ್ಪು ಬರೆದರೂ ಗೊತ್ತಾಗುವುದಿಲ್ಲ. ಕ್ಯಾಲಿಕೊ ಹಾಕಿಕೊಳ್ಳಿ.

ಕ್ಲಸ್ಟರ್ ಅನ್ನು ಕ್ಯೂಬ್‌ಅಡ್ಮ್‌ನಿಂದ ನೀವೇ ಕಟ್ಟಿ. ಕ್ಲಸ್ಟರ್ ನಿಯಂತ್ರಿಸುವ ಕಂಟ್ರೋಲ್ ಪ್ಲೇನ್ ಯಂತ್ರಕ್ಕೆ ಕನಿಷ್ಠ 2 ಸಿಪಿಯು, 2 ಜಿಬಿ ಮೆಮೊರಿ ಬೇಕು, ಸ್ವಾಪ್ ಆರಿಸಿರಬೇಕು. ಸ್ವಾಪ್ ಉಳಿದರೆ ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಕ್ಯೂಬ್‌ಲೆಟ್ ಏಳುವುದಿಲ್ಲ. ಅಪ್‌ಗ್ರೇಡ್ ಕ್ರಮ ಬೆರಳ ತುದಿಯಲ್ಲಿರಲಿ: ಕಂಟ್ರೋಲ್ ಪ್ಲೇನ್‌ನಲ್ಲಿ ಮೊದಲು ಕ್ಯೂಬ್‌ಅಡ್ಮ್ ಪ್ಯಾಕೇಜ್, ನಂತರ ‘ಅಪ್‌ಗ್ರೇಡ್ ಅಪ್ಲೈ’, ನೋಡ್ ಡ್ರೇನ್, ಕ್ಯೂಬ್‌ಲೆಟ್ ಮತ್ತು ಕ್ಯೂಬ್‌ಸಿಟಿಎಲ್, ಡೀಮನ್ ರೀಲೋಡ್, ಕ್ಯೂಬ್‌ಲೆಟ್ ರೀಸ್ಟಾರ್ಟ್, ಕೊನೆಗೆ ಅನ್‌ಕಾರ್ಡನ್ (ನೋಡ್ ಮತ್ತೆ ಪಾಡ್ ಸ್ವೀಕರಿಸುವಂತೆ ಮಾಡುವುದು). ಮೈನರ್ ಆವೃತ್ತಿಗಳನ್ನು ಹಾರಿ ಹೋಗುವಂತಿಲ್ಲ, ಒಂದೊಂದೇ ಮೆಟ್ಟಿಲು. ಅನ್‌ಕಾರ್ಡನ್ ಮರೆಯುವವರು ಬಹಳ.

ಪರೀಕ್ಷೆಯಲ್ಲಿ ಕ್ಯೂಬರ್ನೆಟೀಸ್‌ನ ಅಧಿಕೃತ ದಾಖಲೆ ತೆರೆಯಬಹುದು. ಇದನ್ನು ನಂಬಿ ಏನನ್ನೂ ನೆನಪಿಡದೆ ಹೋದರೆ ಹೊತ್ತು ಸಾಲದು. ಒಂದು ಕೆಲಸಕ್ಕೆ ಸರಾಸರಿ ಆರರಿಂದ ಎಂಟು ನಿಮಿಷ ಮಾತ್ರ ಸಿಗುತ್ತದೆ. ಸಂರಚನೆ ಬರೆಯುವ ಯಾಮಲ್ ಕಡತವನ್ನು ಮೊದಲಿಂದ ಟೈಪ್ ಮಾಡದೆ ‘--ಡ್ರೈ-ರನ್=ಕ್ಲೈಂಟ್ -ಓ ಯಾಮಲ್’ನಿಂದ ಹುಟ್ಟಿಸಿ ತಿದ್ದಿ. ಕ್ಷೇತ್ರದ ಹೆಸರು ನೆನಪಾಗದಿದ್ದರೆ ‘ಎಕ್ಸ್‌ಪ್ಲೇನ್’ ಆಜ್ಞೆ ದಾಖಲೆಗಿಂತ ಬೇಗ ಹೇಳುತ್ತದೆ. ಪ್ರತಿ ಪ್ರಶ್ನೆಯೂ ಯಾವ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಬೇಕೆಂದು ಮೇಲೆಯೇ ಹೇಳಿರುತ್ತದೆ. ಅದನ್ನು ಓದದೆ ಹಿಂದಿನ ಯಂತ್ರದಲ್ಲೇ ಕೆಲಸ ಮುಗಿಸಿದರೆ ಉತ್ತರ ಸರಿಯಿದ್ದೂ ಸೊನ್ನೆ.

ಸಿಮ್ಯುಲೇಟರ್‌ನ ಪ್ರತಿ ಅವಧಿಯೂ ಶುರುಮಾಡಿದ ಕ್ಷಣದಿಂದ 36 ಗಂಟೆ ತೆರೆದಿರುತ್ತದೆ. ಪ್ರಶ್ನೆಗಳು ನಿಜ ಪರೀಕ್ಷೆಗಿಂತ ಕಠಿಣ, ಅಲ್ಲಿ ಕಡಿಮೆ ಅಂಕ ಬಂದರೆ ಧೃತಿಗೆಡಬೇಕಿಲ್ಲ. ಮೊದಲ ಅವಧಿಯನ್ನು ಪರೀಕ್ಷೆಗೆ ಎರಡು ವಾರ ಮುಂಚೆ, ಎರಡು ಗಂಟೆ ಗಡಿಯಾರ ಇಟ್ಟು ಮಾಡಿ. ಉಳಿದ 34 ಗಂಟೆಯನ್ನು ಬಿಟ್ಟುಹೋದ ಪ್ರಶ್ನೆಗಳಿಗೆ ಕೊಡಿ. ಎರಡನೆಯದು ಕೊನೆಯ ನಾಲ್ಕೈದು ದಿನದಲ್ಲಿ, ಬರೀ ವೇಗ ನೋಡಿಕೊಳ್ಳಲು.

ಸಿಸಿಎನ್‌ಎ

200-301 ಸಂಖ್ಯೆಯ ಈ ಪರೀಕ್ಷೆ 2020ರ ಫೆಬ್ರುವರಿ 24ರಂದು ಬಂತು. 2024ರ ಆಗಸ್ಟ್‌ನಿಂದ 1.1 ಆವೃತ್ತಿ ನಡೆಯುತ್ತಿದೆ. ಸಂಖ್ಯೆ ಬದಲಾಗಿಲ್ಲ, ಒಳಗಿನದು ಬದಲಾಗಿದೆ: ಪಪೆಟ್ ಮತ್ತು ಶೆಫ್ ಹೋಗಿ ಟೆರಾಫಾರ್ಮ್ ಬಂದಿದೆ, ಎಐ ಮತ್ತು ಮಷಿನ್ ಲರ್ನಿಂಗ್ ಕುರಿತ ಸಾಲು ಸೇರಿದೆ, ರೂಟ್ ಗಾರ್ಡ್, ಲೂಪ್ ಗಾರ್ಡ್‌ಗಳ ಪ್ರಸ್ತಾಪವಿದೆ. ಹಳೆಯ ಪುಸ್ತಕ ಕೊಳ್ಳುವವರು ಸಂಖ್ಯೆ ನೋಡಿ ಮೋಸಹೋಗದೆ ಆವೃತ್ತಿ ನೋಡಬೇಕು.

ಅವಧಿ 120 ನಿಮಿಷ. ಪಾಸಾಗಲು ಎಷ್ಟು ಅಂಕ ಬೇಕೆಂದು ಸಿಸ್ಕೊ ಪ್ರಕಟಿಸುವುದಿಲ್ಲ. ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವಂತಿಲ್ಲ. ಬಹು ಆಯ್ಕೆಯ ಪ್ರಶ್ನೆಗಳ ಜೊತೆ ಕಾನ್ಫಿಗರ್ ಮಾಡುವ ಲ್ಯಾಬ್ ಪ್ರಶ್ನೆಗಳೂ ಬರುವುದರಿಂದ, ಓದಿ ಪಾಸಾಗುವ ಮತ್ತು ಮಾಡಿ ಪಾಸಾಗುವ ಪರೀಕ್ಷೆಗಳ ನಡುವೆ ಇದು ನಿಲ್ಲುತ್ತದೆ. ಐಪಿ ಸಂಪರ್ಕಕ್ಕೆ ಶೇ 25, ನೆಟ್‌ವರ್ಕ್ ಮೂಲಭೂತಕ್ಕೂ ನೆಟ್‌ವರ್ಕ್ ಪ್ರವೇಶಕ್ಕೂ ತಲಾ 20, ಭದ್ರತೆಗೆ 15, ಐಪಿ ಸೇವೆಗಳಿಗೂ ಆಟೋಮೇಶನ್‌ಗೂ ತಲಾ 10.

ಸಬ್‌ನೆಟ್ಟಿಂಗ್ (ವಿಳಾಸಗಳನ್ನು ಚಿಕ್ಕ ನೆಟ್‌ವರ್ಕ್‌ಗಳಾಗಿ ಭಾಗಿಸುವ ಲೆಕ್ಕ) ಅನ್ನು ಕಾಗದವಿಲ್ಲದೆ ಮಾಡುವ ಹಂತಕ್ಕೆ ಬರಬೇಕು. 192.168.10.77/27 ಎಂದು ಕಂಡ ಕೂಡಲೇ ಬ್ಲಾಕ್ 32, ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ 95, ಬಳಸಬಹುದಾದದ್ದು 65ರಿಂದ 94 ಎಂದು ಇಪ್ಪತ್ತು ಸೆಕೆಂಡಿನಲ್ಲಿ ಹೊಳೆಯಬೇಕು. ದಿನಕ್ಕೆ ಹತ್ತು ಲೆಕ್ಕದಂತೆ ಮೂರು ವಾರ ಮಾಡಿದರೆ ಇದು ತಾನಾಗಿ ಬರುತ್ತದೆ. ಎರಡನೆಯದು ರೂಟಿಂಗ್ ಪಟ್ಟಿ ಓದುವುದು. ಇಲ್ಲಿ ಹಲವರು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿಯ ಮೂಲಕ್ಕೆ ಕೊಡುವ ನಂಬಿಕೆಯ ಅಂಕ, ಕಡಿಮೆಯಿದ್ದಷ್ಟು ಮೇಲು) ಹಿಡಿದು ಹೊರಡುತ್ತಾರೆ: ಕೈಯಾರೆ ಬರೆದ ಸ್ಟ್ಯಾಟಿಕ್ ದಾರಿಗೆ 1, ರೂಟರ್‌ಗಳು ತಾವೇ ದಾರಿ ಹಂಚಿಕೊಳ್ಳುವ ಒಎಸ್‌ಪಿಎಫ್‌ಗೆ 110, ಆದ್ದರಿಂದ ಸ್ಟ್ಯಾಟಿಕ್ ಗೆಲ್ಲುತ್ತದೆ ಎಂದು. ಪ್ಯಾಕೆಟ್ ಕಳಿಸುವಾಗ ರೂಟರ್ ಮೊದಲು ನೋಡುವುದು ಅತಿ ಉದ್ದದ ಪ್ರಿಫಿಕ್ಸ್ ಯಾವುದೆಂದು. /24ರ ಸ್ಟ್ಯಾಟಿಕ್ ದಾರಿ ಇದ್ದರೂ /26ರ ಒಎಸ್‌ಪಿಎಫ್ ದಾರಿಯೇ ಗೆಲ್ಲುತ್ತದೆ. ಡಿಸ್ಟೆನ್ಸ್ ಲೆಕ್ಕಕ್ಕೆ ಬರುವುದು ಎರಡೂ ದಾರಿಗಳ ಪ್ರಿಫಿಕ್ಸ್ ಒಂದೇ ಆಗಿದ್ದಾಗ.

ಒಎಸ್‌ಪಿಎಫ್ ನೆರೆಹೊರೆ ಕೂಡದಿದ್ದರೆ ಏರಿಯಾ, ಹೆಲೋ ಮತ್ತು ಡೆಡ್ ಟೈಮರ್, ಸಬ್‌ನೆಟ್ ಮಾಸ್ಕ್, ಪ್ಯಾಸಿವ್ ಇಂಟರ್‌ಫೇಸ್, ಒಂದೇ ರೂಟರ್ ಐಡಿ ಎರಡು ಕಡೆ ಇರುವುದು, ಇವನ್ನು ಇದೇ ಕ್ರಮದಲ್ಲಿ ನೋಡಿ. ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೊಂದುತ್ತಿಲ್ಲ ಎಂದೇ ಬಹುಪಾಲು ಅರ್ಥ. ಹಲವು ವಿಎಲ್‌ಎಎನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಒಯ್ಯುವ ಟ್ರಂಕ್ ಕೊಂಡಿಗೆ ಹೊಸದೊಂದನ್ನು ಸೇರಿಸುವಾಗ ‘ಆ್ಯಡ್’ ಪದ ಬಿಟ್ಟರೆ ಹಳೆಯ ಪಟ್ಟಿ ಪೂರ್ತಿ ಅಳಿದು ಹೊಸದೊಂದೇ ಉಳಿಯುತ್ತದೆ. ಕಚೇರಿಯ ಸ್ವಿಚ್‌ನಲ್ಲೂ ಇದೇ ತಪ್ಪು ಇಡೀ ಮಹಡಿಯ ಸಂಪರ್ಕ ಕಡಿಯಬಲ್ಲದು, ಆದ್ದರಿಂದ ಲ್ಯಾಬ್‌ನಲ್ಲಿ ಬೇಕೆಂದೇ ಒಮ್ಮೆ ಮಾಡಿ ನೋಡಿ.

ಅಭ್ಯಾಸಕ್ಕೆ ಸಿಸ್ಕೊದ ಉಚಿತ ಪ್ಯಾಕೆಟ್ ಟ್ರೇಸರ್ ಬಹುಪಾಲು ಸಾಕು. ಅದು ಅನುಕರಣೆ ಮಾತ್ರ, ಕೆಲವು ಆಜ್ಞೆಗಳು ಅದರಲ್ಲಿ ಇಲ್ಲ. ಸಿಸ್ಕೊ ಸಾಧನಗಳಲ್ಲಿ ಓಡುವ ನಿಜವಾದ ಐಒಎಸ್ ತಂತ್ರಾಂಶ ಬೇಕೆನಿಸಿದರೆ ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್‌ನ ಐದು ನೋಡ್‌ಗಳ ಉಚಿತ ಆವೃತ್ತಿ ಇದೆ. ಹಳೆಯ ಸ್ವಿಚ್, ರೂಟರ್ ಕೊಂಡು ಕೋಣೆ ತುಂಬಿಸುವ ಅಗತ್ಯ ಇಲ್ಲ. ಹಾಗೆಯೇ ಇಐಜಿಆರ್‌ಪಿ ಎಂಬ ರೂಟಿಂಗ್ ವಿಧಾನ ಈಗಿನ ವಿಷಯಪಟ್ಟಿಯಲ್ಲಿ ಇಲ್ಲ, ಹಳೆಯ ಕೋರ್ಸ್‌ಗಳಲ್ಲಿ ಅದಕ್ಕಿರುವ ಉದ್ದನೆಯ ಅಧ್ಯಾಯಗಳನ್ನು ಸದ್ಯಕ್ಕೆ ಬಿಡಬಹುದು. ಮೂರು ವರ್ಷದ ಮಾನ್ಯತೆಯನ್ನು ಮತ್ತೊಂದು ಪರೀಕ್ಷೆಯಿಂದ ಅಥವಾ 30 ನಿರಂತರ ಶಿಕ್ಷಣ ಅಂಕಗಳಿಂದ ನವೀಕರಿಸಬಹುದು.

ಕ್ಲೌಡ್ ಪರೀಕ್ಷೆಗಳು

ಎಡಬ್ಲ್ಯೂಎಸ್‌ನ ಎಸ್‌ಎಎ-ಸಿ03 ಪರೀಕ್ಷೆಯಲ್ಲಿ 65 ಪ್ರಶ್ನೆ, 130 ನಿಮಿಷ, 1000ಕ್ಕೆ 720 ಬಂದರೆ ಪಾಸು. 65ರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಆದರೆ ಯಾವುವೆಂದು ತಿಳಿಸುವುದಿಲ್ಲ. ವಿಚಿತ್ರ ಪ್ರಶ್ನೆಯೊಂದರ ಮೇಲೆ ಹತ್ತು ನಿಮಿಷ ಸುರಿಯುವುದು ಅದಕ್ಕೇ ದಂಡ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಏನನ್ನೂ ಖಾಲಿ ಬಿಡಬೇಡಿ. ಪ್ರಶ್ನೆಯ ಜೀವ ಕೊನೆಯ ವಾಕ್ಯದಲ್ಲಿರುತ್ತದೆ: ಅತಿ ಕಡಿಮೆ ಖರ್ಚು ಎಂದು ಕೇಳಿದ್ದಾರೋ, ಅತಿ ಕಡಿಮೆ ನಿರ್ವಹಣೆ ಎಂದೋ. ನಾಲ್ಕು ಉತ್ತರಗಳಲ್ಲಿ ಎರಡು ಕೆಲಸ ಮಾಡುವಂಥವೇ ಆಗಿದ್ದು, ಆ ಒಂದು ಪದವೇ ನಿರ್ಧರಿಸುತ್ತದೆ.

ಬಾಯಿಪಾಠದ ಬದಲು ಜೋಡಿಗಳನ್ನು ಲ್ಯಾಬ್‌ನಲ್ಲಿ ಹೋಲಿಸಿ. ಯಂತ್ರದ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪ್ ಹೋದ ಸಂಚಾರವನ್ನು ನೆನಪಿಟ್ಟು ಮರಳುವುದಕ್ಕೆ ತಾನೇ ಬಿಡುತ್ತದೆ, ಅದರಲ್ಲಿ ನಿರಾಕರಿಸುವ ನಿಯಮ ಬರೆಯಲಾಗದು. ಸಬ್‌ನೆಟ್‌ನ ಫೈರ್‌ವಾಲ್ ಆದ ನೆಟ್‌ವರ್ಕ್ ಎಸಿಎಲ್‌ನಲ್ಲಿ ಎರಡೂ ದಿಕ್ಕಿಗೆ ಬರೆಯಬೇಕು, ನಿರಾಕರಣೆಯೂ ಸಾಧ್ಯ. ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಒಂದೇ ಸ್ಟ್ಯಾಂಡ್‌ಬೈ ಇರುವ ಮಲ್ಟಿ ಎಝಡ್ ಲಭ್ಯತೆಗಾಗಿ, ಅದರಿಂದ ಓದಲಾಗದು. ಓದುವ ಹೊರೆ ಹಂಚಲು ರೀಡ್ ರೆಪ್ಲಿಕಾ. ಕಡತ ಸಂಗ್ರಹ ಸೇವೆಯಾದ ಎಸ್3ಕ್ಕೆ ಗೇಟ್‌ವೇ ಎಂಡ್‌ಪಾಯಿಂಟ್‌ಗೆ ಶುಲ್ಕವಿಲ್ಲ, ಖಾಸಗಿ ಯಂತ್ರಗಳನ್ನು ಇಂಟರ್ನೆಟ್‌ಗೆ ಬಿಡುವ ನ್ಯಾಟ್ ಗೇಟ್‌ವೇ ಗಂಟೆ ಲೆಕ್ಕಕ್ಕೂ ಜಿಬಿ ಲೆಕ್ಕಕ್ಕೂ ಬಿಲ್ ಮಾಡುತ್ತದೆ. ಲ್ಯಾಬ್ ಮುಗಿಸಿ ಅಳಿಸಲು ಮರೆಯುವವರ ಬಿಲ್ ಏರಿಸುವುದೂ ಈ ನ್ಯಾಟ್ ಗೇಟ್‌ವೇಯೇ. 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಶುಲ್ಕವಿದೆ. ಖಾತೆ ತೆರೆದ ದಿನವೇ ಬಜೆಟ್ ಎಚ್ಚರಿಕೆ ಹಾಕಿ, ಆಮೇಲೆ ಮೊದಲ ಯಂತ್ರ ಏಳಿಸಿ.

ಇಂಗ್ಲಿಷ್ ಮಾತೃಭಾಷೆಯಲ್ಲದವರು ಎಡಬ್ಲ್ಯೂಎಸ್ ಪರೀಕ್ಷೆಗೆ 30 ನಿಮಿಷ ಹೆಚ್ಚುವರಿ ಕೇಳಬಹುದು, ಆದರೆ ಸ್ಲಾಟ್ ಕಾದಿರಿಸುವ ಮೊದಲೇ ಕೇಳಬೇಕು. ಕಾದಿರಿಸಿದ ಮೇಲೆ ನೆನಪಾದರೆ ಆ ಸ್ಲಾಟ್‌ಗೆ ಅದು ತಾನಾಗಿ ಸೇರುವುದಿಲ್ಲ. ಉದ್ದುದ್ದ ಪ್ರಶ್ನೆಗಳಿರುವ ಈ ಪರೀಕ್ಷೆಯಲ್ಲಿ ಆ ಅರ್ಧ ಗಂಟೆ ದೊಡ್ಡದು. ಪಾಸಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಶುಲ್ಕದ ರಿಯಾಯಿತಿಯೂ ಸಿಗುತ್ತದೆ.

ಅಝೂರ್ ಅಡ್ಮಿನಿಸ್ಟ್ರೇಟರ್‌ನ ಎಝಡ್-104 ಬರೆಯುವಾಗ ಮೈಕ್ರೋಸಾಫ್ಟ್ ಲರ್ನ್ ತಾಣ ತೆರೆದು ನೋಡಬಹುದು. ಗಡಿಯಾರ ನಿಲ್ಲುವುದಿಲ್ಲವಾದ್ದರಿಂದ ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಉಪಯೋಗ. ಇದರ ನಿಜವಾದ ಆಕರ್ಷಣೆ ನವೀಕರಣ: ಮಾನ್ಯತೆ ಒಂದೇ ವರ್ಷ, ಆದರೆ ಮುಗಿಯುವ ಆರು ತಿಂಗಳು ಮುಂಚಿನಿಂದ ಮನೆಯಲ್ಲೇ, ಉಚಿತವಾಗಿ, ಪುಸ್ತಕ ತೆರೆದಿಟ್ಟೇ ನವೀಕರಿಸಬಹುದು. ದಿನ ದಾಟಿದರೆ ಮಾತ್ರ ಪೂರ್ತಿ ಪರೀಕ್ಷೆ ಮತ್ತೆ ಬರೆಯಬೇಕು, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಸೆಕ್ಯುರಿಟಿ ಪ್ಲಸ್

ಕಾಂಪ್‌ಟಿಯಾದ ಎಸ್‌ವೈ0-701 ಪರೀಕ್ಷೆ 2023ರ ನವೆಂಬರ್‌ನಲ್ಲಿ ಬಂತು. ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ, 900ಕ್ಕೆ 750 ಬೇಕು. ಭದ್ರತಾ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಬಾಗಿಲು ತೆರೆಯುತ್ತದೆ, ಆದರೆ ಅಗಲ ಜಾಸ್ತಿ, ಆಳ ಕಡಿಮೆ. ಇದೊಂದನ್ನೇ ನಂಬಿ ಭದ್ರತೆಯ ಕೆಲಸ ಬರುತ್ತದೆ ಎನ್ನುವಂತಿಲ್ಲ. ಪ್ರಾಯೋಗಿಕ ಪ್ರಶ್ನೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಬರುತ್ತವೆ. ಅವನ್ನು ಗುರುತು ಹಾಕಿ ಬಿಟ್ಟು, ಉಳಿದದ್ದು ಮುಗಿಸಿ, ಕೊನೆಗೆ 20 ನಿಮಿಷ ಇಟ್ಟುಕೊಂಡು ಮರಳಿ ಬನ್ನಿ. ಸಂಕ್ಷೇಪಾಕ್ಷರಗಳ ಪಟ್ಟಿ ಉದ್ದವಿದೆ, ಅದಕ್ಕೆ ದಿನಕ್ಕೆ ಹದಿನೈದು ಫ್ಲ್ಯಾಶ್‌ಕಾರ್ಡ್ ಹೊರತು ಒಳದಾರಿ ಇಲ್ಲ. ಇದರ ಮುಂದಿನ ಹೆಜ್ಜೆಯಾಗಿ ಹಿರಿಯ ಭದ್ರತಾ ಸರ್ಟಿಫಿಕೇಶನ್ ಆದ ಸಿಐಎಸ್‌ಎಸ್‌ಪಿ ನೋಡುತ್ತಿರುವವರು ಗಮನಿಸಿ: ಅದರ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷದ ಕೆಲಸದ ಅನುಭವ ತೋರಿಸಬೇಕು. ಅನುಭವ ಇಲ್ಲದೆ ಪಾಸಾದವರಿಗೆ ಸದ್ಯಕ್ಕೆ ಅಸೋಸಿಯೇಟ್ ಸ್ಥಾನ ಮಾತ್ರ.

ಓದುವ ಕ್ರಮ

ಕೆಲಸದ ಜೊತೆಗೆ ಓದುವವರಿಗೆ ವಾರಕ್ಕೆ ಎಂಟರಿಂದ ಹತ್ತು ಗಂಟೆ, ಹತ್ತರಿಂದ ಹನ್ನೆರಡು ವಾರ ಎಂಬುದು ನಮ್ಮ ಅಂದಾಜು. ಇದಕ್ಕಿಂತ ಉದ್ದಕ್ಕೆ ಎಳೆದರೆ ಮೊದಲು ಓದಿದ್ದು ಮರೆತುಹೋಗುತ್ತದೆ. ಹೊತ್ತಿನಲ್ಲಿ ವಿಡಿಯೋ ಮತ್ತು ಪುಸ್ತಕಕ್ಕೆ ಮೂರನೇ ಒಂದು ಭಾಗ ಸಾಕು, ಅರ್ಧ ಲ್ಯಾಬ್‌ಗೆ, ಉಳಿದದ್ದು ತಪ್ಪುಗಳನ್ನು ಮರಳಿ ನೋಡುವುದಕ್ಕೆ. ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ನಿಲ್ಲಿಸಿ ಖಾಲಿ ಪರದೆಯಲ್ಲಿ ಅದನ್ನೇ ಮಾಡಲು ಹೋದಾಗ ಎಷ್ಟು ಬಂದಿದೆ ಎಂದು ತಿಳಿಯುತ್ತದೆ.

ಮಾದರಿ ಪರೀಕ್ಷೆಯ ಅಂಕವನ್ನು ನಂಬಬೇಕಾದರೆ ಪ್ರಶ್ನೆಗಳು ಹೊಸವಾಗಿರಬೇಕು. ಅದೇ ಪ್ರಶ್ನೆಪತ್ರಿಕೆಯನ್ನು ಮೂರನೇ ಸಲ ಬರೆದು ಶೇ 95 ಬಂದರೆ ಅದು ನೆನಪಿನ ಶಕ್ತಿಯ ಅಂಕ. ನೋಡದ ಎರಡು ಪತ್ರಿಕೆಗಳಲ್ಲಿ ಸತತ ಶೇ 85 ಬಂದರೆ ಸ್ಲಾಟ್ ಕಾದಿರಿಸಿ. ತಪ್ಪಾದ ಪ್ರತಿ ಪ್ರಶ್ನೆಗೂ ಸರಿಯುತ್ತರದ ಜೊತೆ, ಉಳಿದ ಮೂರು ಏಕೆ ತಪ್ಪು ಎಂದು ಒಂದೊಂದು ಸಾಲು ಬರೆಯಿರಿ. ಒಂದು ಪ್ರಶ್ನೆಯಿಂದ ನಾಲ್ಕು ವಿಷಯ ಕಲಿಯುವ ಈ ಅಭ್ಯಾಸಕ್ಕೆ ಸಾಟಿಯಾದದ್ದು ಬಹು ಆಯ್ಕೆಯ ಪರೀಕ್ಷೆಗಳಲ್ಲಿ ಇನ್ನೊಂದಿಲ್ಲ.

ನಿಜ ಪರೀಕ್ಷೆಯ ಪ್ರಶ್ನೆಗಳೆಂದು ಮಾರುವ ಡಂಪ್‌ಗಳ ಹತ್ತಿರ ಹೋಗಬೇಡಿ. ಪರೀಕ್ಷೆಗೆ ಮುನ್ನ ಒಪ್ಪುವ ಕರಾರಿಗೆ ಅದು ವಿರುದ್ಧ, ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಅವುಗಳಲ್ಲಿ ತಪ್ಪು ಉತ್ತರಗಳೂ ಧಾರಾಳ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಮನೆಯಿಂದ ಬರೆಯುವವರು ಕಚೇರಿಯ ಲ್ಯಾಪ್‌ಟಾಪ್ ಬಳಸಬೇಡಿ. ವಿಪಿಎನ್ ಮತ್ತು ಭದ್ರತಾ ತಂತ್ರಾಂಶ ಪರೀಕ್ಷಾ ತಂತ್ರಾಂಶವನ್ನು ನಡುವೆಯೇ ತಡೆಯಬಹುದು. ಒಂದೇ ಪರದೆ, ಖಾಲಿ ಮೇಜು, ಮುಚ್ಚಿದ ಬಾಗಿಲು ಇರಬೇಕು. ಗುರುತಿನ ಚೀಟಿಯ ಹೆಸರು ನೋಂದಣಿಯ ಹೆಸರಿಗೆ ಹೊಂದಬೇಕು. ಇನಿಶಿಯಲ್ ಒಂದು ಕಡೆ, ಪೂರ್ಣ ಹೆಸರು ಇನ್ನೊಂದು ಕಡೆ ಇದ್ದರೆ ಕೂರಿಸದೇ ಕಳಿಸಬಹುದು, ಕಾದಿರಿಸುವ ಮೊದಲೇ ಖಾತೆಯಲ್ಲಿ ತಿದ್ದಿಸಿ. ಪ್ರಶ್ನೆಯನ್ನು ತುಟಿ ಅಲ್ಲಾಡಿಸಿ ಓದುವ ಅಭ್ಯಾಸವಿದ್ದವರಿಗೆ ಮೇಲ್ವಿಚಾರಕರು ಎಚ್ಚರಿಕೆ ಕೊಡುತ್ತಾರೆ. ಅಂಥವರಿಗೆ, ಮತ್ತು ಕರೆಂಟು ಅಥವಾ ಇಂಟರ್ನೆಟ್ ನೆಚ್ಚಿಕೊಳ್ಳಲಾಗದವರಿಗೆ, ಪರೀಕ್ಷಾ ಕೇಂದ್ರದ ಆಯ್ಕೆ ಇದ್ದಲ್ಲಿ ಅದೇ ಮೇಲು.

ಫೇಲಾದರೆ ಮತ್ತೆ ಬರೆಯಲು ಸಿಸ್ಕೊದಲ್ಲಿ 5 ದಿನ, ಎಡಬ್ಲ್ಯೂಎಸ್‌ನಲ್ಲಿ 14 ದಿನ, ಮೈಕ್ರೋಸಾಫ್ಟ್‌ನಲ್ಲಿ ಮೊದಲ ಸಲ 24 ಗಂಟೆ ಕಾಯಬೇಕು. ಕಾಂಪ್‌ಟಿಯಾದಲ್ಲಿ ಎರಡನೇ ಯತ್ನಕ್ಕೆ ಕಾಯುವಿಕೆ ಇಲ್ಲ, ಮೂರನೆಯದಕ್ಕೆ 14 ದಿನ. ಪರೀಕ್ಷೆ ಮುಗಿದ ಒಂದು ಗಂಟೆಯೊಳಗೆ, ಯಾವ ವಿಷಯಗಳಲ್ಲಿ ತಡವರಿಸಿದಿರಿ ಎಂದು ಪ್ರಶ್ನೆಗಳನ್ನಲ್ಲದೆ ವಿಷಯದ ಹೆಸರುಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ವಿಭಾಗವಾರು ಫಲಿತಾಂಶ ಇದ್ದರೆ ಅದನ್ನು ಈ ಪಟ್ಟಿಯ ಪಕ್ಕದಲ್ಲಿಡಿ. ಎರಡರಲ್ಲೂ ಕಾಣುವ ವಿಷಯಗಳಿಗೆ ಹೊಸ ಲ್ಯಾಬ್ ಕಟ್ಟಿ, ಹತ್ತು ದಿನ ಅವನ್ನಷ್ಟೇ ಮಾಡಿ. ಇಡೀ ಕೋರ್ಸ್ ಅನ್ನು ಮೊದಲಿಂದ ನೋಡಲು ಕೂರಬೇಡಿ.